ಒನ್ಸ್ ಮೋರ್

2023ರ ಮೇ. ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ‘ದ ಸೌಂಡ್ ಆಫ್ ಮ್ಯೂಸಿಕ್’ ಸಂಗೀತ ನಾಟಕ ಬಂದಿತ್ತು. ಪುಣೆಯಿಂದ ಅಪ್ಪನನ್ನು ಕರೆದೊಯ್ಯಲು ಆಫೀಸಿನ ಪ್ರಾಜೆಕ್ಟಿನಂತೆಯೇ ಎಕ್ಸೆಲ್ ಶೀಟ್ ಮಾಡಿದ್ದೆ: ಶನಿವಾರ ಬೆಳಗ್ಗೆ 7.15ಕ್ಕೆ ಡೆಕ್ಕನ್ ಕ್ವೀನ್, ದಾದರಿನಲ್ಲಿ ರೂಮು, ಮಾಟುಂಗದ ರಾಮ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಬಾಳೆಲೆ ಊಟ, ಅಪ್ಪನ ಮಂಡಿನೋವಿಗೆಂದು ಅಂಚಿನ ಸೀಟು, ಟ್ರಾಫಿಕ್ಕಿಗೆಂದು ಒಂದು ಗಂಟೆ ಹೆಚ್ಚುವರಿ. ಎಲ್ಲವೂ ಹೇಳಿದ ಹೊತ್ತಿಗೇ ನಡೆಯಿತು.

ಮರಿಯಾ ಏಳು ಮಕ್ಕಳಿಗೆ ಸ್ವರ ಕಲಿಸುವ ಹಾಡು ಮುಗಿಯಿತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಅಪ್ಪ “ಒನ್ಸ್ ಮೋರ್!” ಎಂದು ಕೂಗಿಬಿಟ್ಟರು. ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ನೋಡುತ್ತ ಬೆಳೆದವರು. ಅಲ್ಲಿ ಹಾಗೆ ಕೂಗಿದರೆ ನಟ ಕತೆ ನಿಲ್ಲಿಸಿ ಮತ್ತೆ ಹಾಡುತ್ತಿದ್ದನಂತೆ. ಇಲ್ಲಿ ಮುಂದಿನ ಸಾಲಿನವರು ತಿರುಗಿ ನೋಡಿದರು. ನನ್ನ ಶೀಟಿನ ರಿಸ್ಕ್ ಕಾಲಮ್ಮಿನಲ್ಲಿ ಇದು ಇರಲಿಲ್ಲ. ಅಪ್ಪನ ಕೈ ಅದುಮಿ “ಶ್!” ಎಂದೆ. ಆಮೇಲೆ ಅವರು ಚಪ್ಪಾಳೆಯನ್ನೂ ತಟ್ಟಲಿಲ್ಲ.

ಭಾನುವಾರ ಸಂಜೆ ವಾಪಸು ರೈಲು ಕರ್ಜತ್ ದಾಟಿತು. ಘಾಟಿನ ಸುರಂಗದ ಕತ್ತಲಲ್ಲಿ ಅಪ್ಪ ಅದೇ ಧಾಟಿಯನ್ನು ಗುನುಗುತ್ತಿದ್ದರು.

“ಒನ್ಸ್ ಮೋರ್, ಅಪ್ಪಾ” ಎಂದೆ.

“ಸುಮ್ನಿರೋ, ಮಂದಿ ನೋಡ್ತಾರ” ಎಂದರು.