ಮೋಡೆಮ್ ಮೌನವಾದಾಗ



ಟಾರ್ಚ್ ಹತ್ತದಿದ್ದರೆ ನೀವು ಏನು ಮಾಡುತ್ತೀರಿ? ಸೆಲ್ಲು ಸರಿ ಇದೆಯೇ, ಸ್ವಿಚ್ ಸರಿ ಇದೆಯೇ, ಬಲ್ಬು ಸುಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತೀರಿ, ಅಲ್ಲವೇ? ಕಂಪ್ಯೂಟರಿನ ದೋಷ ಹುಡುಕುವ ದಾರಿಯೂ ಇದೇ.

2004ರ ಜೂನ್ 8ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಯಿತು. ಬೇರೆ ದೇಶಗಳಲ್ಲಿ ತೆಗೆದ ಅದರ ಚಿತ್ರಗಳನ್ನು ತೋರಿಸುವುದಾಗಿ ಔರಾದ್‌ನ ಒಂದು ಶಾಲೆಯ ಮಕ್ಕಳಿಗೆ ನಾನು ಮಾತು ಕೊಟ್ಟಿದ್ದೆ. ಬೀದರ್‌ನಿಂದ ಲ್ಯಾಪ್‌ಟಾಪ್ ಒಯ್ದೆ. ಅದರಲ್ಲಿ ಇದ್ದುದು ಲಿನಕ್ಸ್. ಕಂಪ್ಯೂಟರನ್ನು ನಡೆಸುವ ಈ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು.

ಆಗ ನಮಗೆ ಅಂತರಜಾಲಕ್ಕೆ ದೂರವಾಣಿಯೇ ದಾರಿ. ದೂರವಾಣಿ ಇರುವುದು ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಅದು ದಾಟಿಸುತ್ತದೆ. ಕಂಪ್ಯೂಟರಿನ 0 ಮತ್ತು 1ಗಳನ್ನು ಇಂಥ ಧ್ವನಿಯ ಸಂಕೇತಗಳಾಗಿ ಬದಲಿಸಿ ಕಳಿಸುವ, ಬಂದ ಸಂಕೇತಗಳನ್ನು ಮತ್ತೆ 0 ಮತ್ತು 1 ಮಾಡುವ ಸಾಧನವೇ ಮೋಡೆಮ್.

ಮುಖ್ಯಗುರುಗಳ ಮನೆಯ ದೂರವಾಣಿ ತಂತಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಸಂಪರ್ಕ ಸಿಗಲಿಲ್ಲ. ದೋಷ ಎಲ್ಲಿದೆ?

ಮೊದಲು ತಂತಿಯನ್ನು ಪರೀಕ್ಷಿಸಿದೆ. ರಿಸೀವರ್ ಎತ್ತಿದಾಗ ಡಯಲ್ ಟೋನ್ ಕೇಳಿಸಿತು. ಅಂದರೆ ತಂತಿ ಸರಿ ಇದೆ.

ಎರಡನೆಯದು ಮೋಡೆಮ್. ಲ್ಯಾಪ್‌ಟಾಪಿನ ಒಳಗಿದ್ದ ಮೋಡೆಮ್ ಲಿನಕ್ಸ್‌ಗೆ ಉತ್ತರವನ್ನೇ ಕೊಡಲಿಲ್ಲ. ಅದು 'ವಿನ್‌ಮೋಡೆಮ್'. ಬೆಲೆ ಇಳಿಸಲು ಇಂಥ ಮೋಡೆಮ್‌ನ ಹೆಚ್ಚಿನ ಕೆಲಸವನ್ನು ವಿಂಡೋಸ್‌ಗಾಗಿ ಬರೆದ ತಂತ್ರಾಂಶಕ್ಕೆ ಬಿಟ್ಟಿರುತ್ತಾರೆ. ಆ ತಂತ್ರಾಂಶ ಲಿನಕ್ಸ್‌ನಲ್ಲಿ ಕೆಲಸ ಮಾಡದು. ಮೋಡೆಮ್ ಕೆಟ್ಟಿರಲಿಲ್ಲ, ಅದರ ಜೊತೆಗಾರ ಇರಲಿಲ್ಲ ಅಷ್ಟೇ.

ಭಾಲ್ಕಿಯ ಗೆಳೆಯರೊಬ್ಬರಲ್ಲಿ ಹೊರಗಿನಿಂದ ಜೋಡಿಸುವ, ಎಲ್ಲ ಕೆಲಸವನ್ನೂ ತಾನೇ ಮಾಡುವ ಮೋಡೆಮ್ ಇತ್ತು. ಮರುದಿನ ಬಸ್ಸಿನಲ್ಲಿ ಹೋಗಿ ತಂದೆ. ಲ್ಯಾಪ್‌ಟಾಪಿನ ಸೀರಿಯಲ್ ಪೋರ್ಟಿಗೆ ಜೋಡಿಸಿ 'ಎ', 'ಟಿ' ಎಂಬ ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದೆ. 'ಇತ್ತ ಗಮನ ಕೊಡು' ಎಂದು ಅದರ ಅರ್ಥ. 'ಓಕೆ' ಎಂಬ ಉತ್ತರ ಬಂತು!

ಮೂರನೆಯದು ಡಯಲ್ ಮಾಡುವುದು. 'ಡಯಲ್ ಟೋನ್ ಇಲ್ಲ' ಎಂದಿತು ಮೋಡೆಮ್. ನಮ್ಮ ಕಿವಿಗೆ ಕೇಳಿಸಿತ್ತಲ್ಲ! ಡಯಲ್ ಟೋನ್ ಎಲ್ಲ ದೇಶಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಬೇರೆ ದೇಶದ ಟೋನಿಗೆ ಹೊಂದಿಸಿದ ಮೋಡೆಮ್ ನಮ್ಮದನ್ನು ಗುರುತಿಸದೇ ಇರಬಹುದು. ಟೋನಿಗಾಗಿ ಕಾಯಬೇಡ ಎಂದು ಹೇಳುವ 'ಎಕ್ಸ್3' ಆದೇಶ ಕೊಟ್ಟೆ. ಬೇರೇನನ್ನೂ ಬದಲಿಸಲಿಲ್ಲ. 'ಕೀ... ಖರ್ರ್...' ಎಂದು ಸದ್ದಾಯಿತು. ಆ ಕಡೆಯ ಮೋಡೆಮ್‌ನೊಂದಿಗೆ ನಮ್ಮದು ಮಾತನಾಡತೊಡಗಿತು!

ಸಿಕ್ಕ ವೇಗ ಸೆಕೆಂಡಿಗೆ 28,800 ಬಿಟ್. ಒಂದು ಬೈಟ್‌ಗೆ 8 ಬಿಟ್. ಹಾಗಾದರೆ 90,000 ಬೈಟ್‌ನ ಚಿತ್ರ ಬರಲು ಎಷ್ಟು ಸಮಯ ಬೇಕು? ಲೆಕ್ಕ ಮಾಡಿ. ಕನಿಷ್ಠ 25 ಸೆಕೆಂಡು! ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ಸೂರ್ಯನ ಮೇಲೆ ಪುಟ್ಟ ಕಪ್ಪು ಚುಕ್ಕೆ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಇಂದು ನೀವು ನೋಡುವ ಅಂತರಜಾಲ ಮೊಬೈಲ್ ಅಥವಾ ಫೈಬರ್ ಮೂಲಕ ಬರುತ್ತದೆ. ಆದರೆ ದೋಷ ಹುಡುಕುವ ರೀತಿ ಬದಲಾಗಿಲ್ಲ. ದಾರಿಯನ್ನು ಭಾಗಗಳಾಗಿ ವಿಂಗಡಿಸಿ. ಪ್ರತಿಯೊಂದನ್ನೂ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಿ. ಹಲವನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದೇ ತಿಳಿಯದು.