ಚಮಚದ ಲೆಕ್ಕ, ತಕ್ಕಡಿಯ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಜನಕ್ಕೆ ತೂಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿ ಮಾರುಕಟ್ಟೆಗೆ ಬಂದ ದಿನ ರೈತನ ಕಣ್ಣು ತಕ್ಕಡಿ ಬಿಟ್ಟು ಕದಲುವುದಿಲ್ಲ. ತೋಟದಲ್ಲೂ ಅಷ್ಟೆ. ಫಲ ಬಿಡುವ ಮರಕ್ಕೆ ಹಾಕುವಷ್ಟು ಗೊಬ್ಬರವನ್ನು ಸಸಿಯ ಬುಡಕ್ಕೆ ಯಾರೂ ಸುರಿಯುವುದಿಲ್ಲ. ಮೊದಮೊದಲು ಮೂರರಲ್ಲೊಂದು ಪಾಲು, ಆಮೇಲೆ ಮೂರರಲ್ಲೆರಡು, ಬಲಿತ ಮೇಲೆ ಪೂರ್ತಿ.

ಇಷ್ಟು ಬಲ್ಲವರ ಮನೆಯಲ್ಲೇ ಮಗುವಿಗೆ ಜ್ವರ ಬಂದ ರಾತ್ರಿ ಲೆಕ್ಕ ತಪ್ಪುವುದುಂಟು. ‘ಹೋದ ಸಲ ಒಂದು ಚಮಚ ಹಾಕಿದ್ವಲ್ಲ, ಅಷ್ಟೇ ಹಾಕವ್ವ’ ಎನ್ನುತ್ತಾರೆ ಅಜ್ಜಿ. ಸೊಸೆ ಗೂಡಿನಲ್ಲಿದ್ದ ಸೀಸೆ ಬಗ್ಗಿಸುತ್ತಾಳೆ. ಹೋದ ಸಲದ ಸೀಸೆಯೇ ಇದು? ನೋಡುವ ವ್ಯವಧಾನ ಯಾರಿಗಿದೆ? ಚಮಚವೋ ಅಡುಗೆಮನೆಯದು, ಒಂದರ ಅಳತೆ ಇನ್ನೊಂದಕ್ಕಿಲ್ಲ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. 12 ಕಿಲೋ ಮಗುವಿಗೆ 120ರಿಂದ 180 ಮಿಲಿಗ್ರಾಂ ಆಯಿತು. ಇಲ್ಲಿಯವರೆಗೆ ಸುಲಭ. ತೊಡಕಿರುವುದು ಸೀಸೆಯಲ್ಲಿ. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಔಷಧಿ ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು. ಮೊದಲನೆಯದಾದರೆ ಈ ಮಗುವಿಗೆ 5 ಮಿಲಿಲೀಟರ್ ಸರಿ. ಎರಡನೆಯದಾದರೆ ಅದರ ಅರ್ಧ ಸಾಕು. ಹಸುಗೂಸಿನ ಡ್ರಾಪ್ಸ್ ತೆಳುವಾಗಿರುತ್ತದೆಂಬ ನಂಬಿಕೆಯಂತೂ ಅಪಾಯದ್ದು. ಕೆಲವು ಡ್ರಾಪ್ಸ್‌ನಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಅದನ್ನು 5 ಮಿಲಿಲೀಟರ್ ಕುಡಿಸಿದರೆ ದೊಡ್ಡವರು ನುಂಗುವ 500 ಮಿಲಿಗ್ರಾಂ ಮಾತ್ರೆ ಇಡಿಯಾಗಿ ಮಗುವಿನ ಹೊಟ್ಟೆ ಸೇರಿತು!

ವಯಸ್ಸು ನೋಡಿ ಕೊಟ್ಟರಾಗದೆ? ಹಿಂದೆ ಹಾಗೂ ಮಾಡುತ್ತಿದ್ದರು. ಬೆಳಕು ಅಲೆಯೆಂದು ತೋರಿಸಿದ ಇಂಗ್ಲೆಂಡಿನ ಥಾಮಸ್ ಯಂಗ್ ವೈದ್ಯನೂ ಹೌದು. ವಯಸ್ಸನ್ನು, ವಯಸ್ಸಿಗೆ 12 ಕೂಡಿಸಿದ ಮೊತ್ತದಿಂದ ಭಾಗಿಸಬೇಕೆಂಬ ಸೂತ್ರ ಅವನ ಹೆಸರಿನಲ್ಲಿದೆ. ಅದರಂತೆ ನಾಲ್ಕು ವರ್ಷದ ಮಗುವಿಗೆ ದೊಡ್ಡವರ ಪ್ರಮಾಣದ ಕಾಲು ಭಾಗ. ಆದರೆ ಒಂದೇ ಅಂಗನವಾಡಿಯ ನಾಲ್ಕು ವರ್ಷದ ಇಬ್ಬರಲ್ಲಿ ಒಬ್ಬ 12 ಕಿಲೋ, ಇನ್ನೊಬ್ಬ 17 ಕಿಲೋ ಇರಬಹುದಲ್ಲ!

ಹೈಸ್ಕೂಲಿನ ಅಕ್ಕನಿಗೆ ಇದು ಬರೀ ತ್ರೈರಾಶಿ. 250 ಮಿಲಿಗ್ರಾಂಗೆ 5 ಮಿಲಿಲೀಟರಾದರೆ 150ಕ್ಕೆ ಎಷ್ಟು? ಮೂರು. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ; ಇಲ್ಲಿ ತಪ್ಪಿದರೆ, ಅದರಲ್ಲೂ ಮತ್ತೆ ಮತ್ತೆ ತಪ್ಪಿದರೆ, ಪುಟ್ಟ ತಮ್ಮನ ಯಕೃತ್ತಿಗೆ ಪೆಟ್ಟು. ಆ ಪೆಟ್ಟು ಕೂಡಲೇ ಹೊರಗೆ ಕಾಣಿಸಿಕೊಳ್ಳುವುದೂ ಇಲ್ಲ. ಆದ್ದರಿಂದ ಎರಡು ಸರದಿಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡುವು ಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ನೆಗಡಿಯ ಸಿರಪ್ಪಿನಲ್ಲೂ ಇದೇ ಔಷಧಿ ಅಡಗಿರಬಹುದು. ಎರಡನ್ನೂ ಕೊಟ್ಟರೆ ಲೆಕ್ಕ ಇಮ್ಮಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯ ಲೆಕ್ಕವೇ ಬೇಡ, ನೇರ ವೈದ್ಯರ ಬಳಿಗೇ ಹೋಗಬೇಕು.

ಅಂಗನವಾಡಿಯಲ್ಲಿ ತೂಗಿದ ಅಂಕಿಯನ್ನು ಬರೆದಿಟ್ಟುಕೊಂಡು, ವೈದ್ಯರಿಂದ ಅಳತೆಯನ್ನು ಮಿಲಿಲೀಟರಿನಲ್ಲೇ ಬರೆಸಿಕೊಂಡು, ಸೀಸೆಯ ಜೊತೆ ಬಂದ ಅಳತೆ ಮುಚ್ಚಳವನ್ನು ಜೋಪಾನ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಕೊಬ್ಬರಿ ಮಾರಿದ ಚೀಟಿಗೆಂದು ಗೋಡೆಯಲ್ಲಿ ಮೊಳೆ ಹೊಡೆದವರಿಗೆ, ಮಗುವಿನ ತೂಕದ ಚೀಟಿಯನ್ನೂ ಅಲ್ಲೇ ಸಿಕ್ಕಿಸುವುದು ಕಷ್ಟವೇನಲ್ಲ.