ತೊಳೆದುಕೊಂಡು ಬಂದ ಕಾಲು

ಪವಿತ್ರ ಗುರುವಾರದ ಸಂಜೆ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನಾನೂ ಒಬ್ಬ ಎಂದು ಗೊತ್ತಾದ ದಿನವೇ ನನ್ನ ಹೆಂಡತಿ ಬಚ್ಚಲಲ್ಲಿ ಹಿಮ್ಮಡಿ ಉಜ್ಜುವ ಕಲ್ಲು ತಂದಿಟ್ಟಳು. "ಈ ಕಾಲು ಇಟ್ಕೊಂಡು ಹೋಗಿ ಎಲ್ಲರೆದುರಿಗೆ ಚಾಚ್ತೀರಾ? ಮಾನ ಹೋಗೋದು ನಂದು ಕಣ್ರೀ" ಅಂದಳು. ಮೂರು ದಿನ ಉಜ್ಜಿದೆ. ಬಿಸಿನೀರು, ಸೋಪು, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ. ಆಮೇಲೆ ವಿಚಾರಿಸಿದರೆ ಬಹುಪಾಲು ಮನೆಗಳಲ್ಲಿ ಇದೇ ಕತೆ. ಒಬ್ಬರಂತೂ ಬಲಗಾಲನ್ನು ಮಾತ್ರ ಉಜ್ಜಿದ್ದರು. ನಮ್ಮಲ್ಲಿ ಫಾದರ್ ತೊಳೆಯುವುದು ಒಂದೇ ಕಾಲು, ಅದೂ ಬಲಗಾಲು. ಎಡಗಾಲಿಗೆ ಯಾಕೆ ಸುಮ್ಮನೆ ಖರ್ಚು ಅಂತ.

ಯೇಸುಸ್ವಾಮಿ ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು ತೊಳೆದದ್ದು ಬೀದಿಯ ಧೂಳು ಮೆತ್ತಿದ ಶಿಷ್ಯರ ಕಾಲುಗಳನ್ನು. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಈ ಕಾಲು ತೊಳೆಯುವ ವಿಧಿಯನ್ನು ಪೂಜೆಯ ಒಳಗೇ ತಂದದ್ದು ಹನ್ನೆರಡನೇ ಪಿಯೂಸ್ ಪೋಪ್ ಆಗಿದ್ದಾಗ, 1955ರ ಸುಧಾರಣೆಯಲ್ಲಿ. ಬಹಳ ಕಾಲ ಗಂಡಸರ ಕಾಲು ಮಾತ್ರ ಎಂದು ನಿಯಮ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ ಕಾಲನ್ನೂ ತೊಳೆದರು, ಕ್ರೈಸ್ತರಲ್ಲದವರ ಕಾಲನ್ನೂ ತೊಳೆದರು. ನಿಯಮ ಬದಲಾದದ್ದು ಅದಾದ ಮೇಲೆ, 2016ರ ಜನವರಿಯಲ್ಲಿ. ದೊಡ್ಡವರು ಮಾಡಿಬಿಟ್ಟ ಮೇಲೆ ಕಾನೂನು ಹಿಂದಿನಿಂದ ಓಡಿಬರುವುದು ಎಲ್ಲ ಕಡೆ ಇದ್ದದ್ದೇ.

ನಮ್ಮ ದೇವಾಲಯದಲ್ಲೂ ಹೆಂಗಸರು ಕೂತರು. ಮೊದಲ ವರ್ಷ ಕೂತ ಒಬ್ಬ ಅಜ್ಜಿ, ಫಾದರ್ ಮೊಣಕಾಲೂರಿದ ಕೂಡಲೇ ಕಾಲನ್ನು ಸರಕ್ಕನೆ ಕುರ್ಚಿಯ ಕೆಳಗೆ ಎಳೆದುಕೊಂಡಿತು. "ಬ್ಯಾಡಿ ಸಾಮಿ, ನೀವು ನನ್ ಕಾಲ್ ಮುಟ್ಟೋದಾ?" ಎಲ್ಲರೂ ನಕ್ಕರು. ಆದರೆ ಅಜ್ಜಿ ಆಡಿದ್ದು ಶಿಷ್ಯ ಪೇತ್ರನ ಮಾತನ್ನೇ. ಅವನೂ ನನ್ನ ಕಾಲನ್ನು ನೀವು ತೊಳೆಯಲೇಕೂಡದು ಅಂತ ಹಟ ಹಿಡಿದವನು. ಕಾಲು ತೊಳೆಯಲು ಹೇಳಿದ್ದರೆ ಪೇತ್ರ ಒಂದೇ ಉಸಿರಿಗೆ ಹನ್ನೊಂದು ಜನರದ್ದೂ ತೊಳೆದುಬಿಡುತ್ತಿದ್ದನೇನೋ. ಚಾಚಿಕೊಂಡು ಕೂರುವುದು ಅವನಿಗೂ ಆಗಲಿಲ್ಲ.

ಕೊಡುವ ಕೈ ಮೇಲಿರುತ್ತದಲ್ಲ, ಅದಕ್ಕೇ ಕೊಡುವ ಸದ್ಗುಣಗಳು ನಮಗೆ ಸಲೀಸು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಸ್ವಾಮಿ ಹೇಳಿದ್ದು ನಿಜ. ನಮ್ಮ ದೇವಾಲಯದ ಫ್ಯಾನುಗಳು ಅದನ್ನು ಅಕ್ಷರಶಃ ಪಾಲಿಸುತ್ತವೆ. ಪ್ರತಿ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸಿದೆ. ಫ್ಯಾನು ತಿರುಗುತ್ತಿರುವಷ್ಟು ಹೊತ್ತು ಯಾವ ಹೆಸರೂ ಕಾಣುವುದಿಲ್ಲ. ಕರೆಂಟು ಹೋದಾಗ, ಜನ ಬೆವರು ಒರೆಸಿಕೊಂಡು ಮೇಲೆ ನೋಡಿದಾಗ, ಒಬ್ಬೊಬ್ಬರದೇ ಹೆಸರು ನಿಧಾನಕ್ಕೆ ಬಂದು ನಿಲ್ಲುತ್ತದೆ. ಬಲಗಡೆಯ ಮೂರನೇ ಫ್ಯಾನಿನಲ್ಲಿ ನನ್ನದೂ ಇದೆ.

ಕ್ಷಮಿಸುವುದೂ ಒಂದು ಬಗೆಯ ದಾನವೇ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಪೇತ್ರ ಕೇಳಿದ. ಏಳಲ್ಲ, ಏಳೆಪ್ಪತ್ತು ಸಲ ಎಂಬ ಉತ್ತರ ಬಂತು. ಗುಣಿಸಿದರೆ 490. ವಾರಕ್ಕೊಂದರಂತೆ ಹಿಡಿದರೂ ಒಂಬತ್ತು ವರ್ಷ ದಾಟುವ ಲೆಕ್ಕ. ಭಾರಿ ಕಷ್ಟ ಎಂದು ನಾವು ತಲೆಯಾಡಿಸುತ್ತೇವೆ. ಆದರೆ ನಾನು ಎಷ್ಟು ಸಲ ಕ್ಷಮೆ ಕೇಳಬೇಕು ಸ್ವಾಮಿ ಅಂತ ಪೇತ್ರನೂ ಕೇಳಲಿಲ್ಲ, ಬೇರೆ ಯಾರೂ ಕೇಳಿದ ಹಾಗೆ ಕಾಣೆ.

ನನ್ನ ಷಡ್ಡಕರ ವಿಷಯ ಹೇಳಬೇಕು. ಅವರೂ ನಮ್ಮ ಧರ್ಮಕೇಂದ್ರದವರೇ. ಆರು ವರ್ಷದಿಂದ ಮಾತಿರಲಿಲ್ಲ. ಹಾಗಂತ ನನಗೇನೂ ಸಿಟ್ಟಿರಲಿಲ್ಲ. ಅವರನ್ನು ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೆ. ಹೀಗೆಂದು ಹೆಂಡತಿಗೆ ಹೇಳಿದರೆ ಅವಳು ಒಂದು ನಮೂನೆ ನೋಡುತ್ತಿದ್ದಳು. ಯಾಕೆಂದರೆ ನಡೆದದ್ದು ಇಷ್ಟು. ನನ್ನ ಮಗಳ ಮದುವೆಗೆ ಛತ್ರ ಗೊತ್ತುಮಾಡಿ, ಅಡಿಗೆಯವರ ಹಿಂದೆ ತಿರುಗಿ, ತರಕಾರಿ ಮೂಟೆ ಇಳಿಸಿಕೊಂಡವರು ಅವರು. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನನ್ನ ಆಫೀಸಿನ ಗುಮಾಸ್ತರ ಹೆಸರೂ ಇತ್ತು, ಅವರದಿರಲಿಲ್ಲ. ಪ್ರೂಫ್ ನೋಡಿದವನು ನಾನೇ. ತಪ್ಪನ್ನು ಮಾತ್ರ ಪ್ರೆಸ್ಸಿನವರ ಮೇಲೆ ಹಾಕಿದೆ. ಮದುವೆಗೆ ಬಂದರು, ಮುಯ್ಯಿ ಕೊಟ್ಟರು, ಊಟ ಮಾಡದೆ ಹೋದರು. ಊಟ ಬಿಟ್ಟು ಹೋದ ಆ ಅಪರಾಧವನ್ನೇ ನಾನು ಕ್ಷಮಿಸಿದ್ದು.

ಪೂಜೆಯಲ್ಲಿ ಸತ್ಪ್ರಸಾದಕ್ಕೆ ಮುಂಚೆ ಒಬ್ಬರಿಗೊಬ್ಬರು ಶಾಂತಿ ಕೋರುತ್ತೇವೆ. ನಮ್ಮಲ್ಲಿ ಕೈಕುಲುಕುವುದಿಲ್ಲ, ಕೈಮುಗಿಯುವುದು. ಮುಗಿದ ಕೈಯನ್ನು ಟೇಬಲ್ ಫ್ಯಾನಿನಂತೆ ಆ ಕಡೆಯಿಂದ ಈ ಕಡೆ ತಿರುಗಿಸುತ್ತಿದ್ದೆ. ಷಡ್ಡಕರು ಕೂತ ದಿಕ್ಕು ಬರುವ ಹೊತ್ತಿಗೆ ಸರಿಯಾಗಿ ಫ್ಯಾನು ಹಿಂದಕ್ಕೆ ಹೊರಳುತ್ತಿತ್ತು. ಪಾಪನಿವೇದನೆಗೆ ಹೋದಾಗ ಜಾಲರಿಯ ಆಚೆಗಿರುವ ಫಾದರ್ ಹತ್ತಿರ ಇದನ್ನೂ ಹೇಳಿದ್ದೆ. ದೇವರ ಕ್ಷಮೆ ಕೇಳುವುದು ಎಷ್ಟು ಹಗುರ! ಮೂರು ಪ್ರಾರ್ಥನೆಗೆ ಮುಗಿಯುತ್ತದೆ. ಅದೇ ಮಾತನ್ನು ಎರಡು ಬೀದಿ ದಾಟಿ ಷಡ್ಡಕರ ಮನೆಯಲ್ಲಿ ಹೇಳಬೇಕೆಂದರೆ ಮಂಡಿನೋವು ಬರುತ್ತದೆ.

ಮತ್ತಾಯರ ಶುಭಸಂದೇಶದ 5ನೇ ಅಧ್ಯಾಯದಲ್ಲೊಂದು ಪ್ರಸಂಗವಿದೆ. ಕಾಣಿಕೆ ಹಿಡಿದು ಪೀಠದ ಹತ್ತಿರ ಬಂದಾಗ ಸೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ ಅಂತ. ಎಷ್ಟೋ ವರ್ಷ ಕೇಳಿದ್ದೇನೆ, ನನಗೆ ಅವನ ಮೇಲೆ ಮನಸ್ತಾಪವಿದ್ದರೆ ಅಂತಲೇ ಅಂದುಕೊಂಡಿದ್ದೆ. ಒಮ್ಮೆ ಕನ್ನಡಕ ಹಾಕಿಕೊಂಡು ಓದಿದೆ. ಅಲ್ಲಿರುವುದು ಅವನಿಗೆ ನನ್ನ ಮೇಲೆ ಇದ್ದರೆ ಅಂತ. ಹೊರಡಬೇಕಾದವನು ತಪ್ಪು ಮಾಡಿದವನು. ಈ ಮಾತನ್ನು ನಾವು ಪಾಲಿಸಿದರೆ ಭಾನುವಾರ ದೇವಾಲಯದಲ್ಲಿ ಕಾಣಿಕೆಯಷ್ಟೇ ಉಳಿದೀತು, ಜನ ಇರಲಾರರು.

ಹಾಗೆ ಹೊರಟವನೊಬ್ಬ ಇದ್ದಾನೆ. 1995ರ ಫೆಬ್ರುವರಿ 25ರಂದು ಮಧ್ಯಪ್ರದೇಶದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು ಇರಿದು ಕೊಂದರು. ಸಿಸ್ಟರ್ ಕೇರಳದವರು. ಬಡ ರೈತರನ್ನು ಬಡ್ಡಿ ಸಾಲದವರ ಕೈಯಿಂದ ಬಿಡಿಸುವ ಕೆಲಸಕ್ಕೆ ಕೈ ಹಾಕಿದ್ದರು. ಇರಿದ ಸಮಂದರ್ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯಾರ ತಂಗಿ ಸೆಲ್ಮಿ ಪೌಲ್, ಅವರೂ ಸಿಸ್ಟರೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾರನ್ನು ಧನ್ಯರೆಂದು ಸಾರಿದಾಗ ಈ ರಾಖಿಯ ಕತೆಯನ್ನು ಎಲ್ಲರೂ ಹೇಳಿದರು, ತಂಗಿಯ ದೊಡ್ಡತನವನ್ನು ಕೊಂಡಾಡಿದರು. ಸರಿಯೇ. ನನ್ನ ಕಣ್ಣು ಮಾತ್ರ ಆ ಇನ್ನೊಂದು ಕೈಯಲ್ಲೇ ನಿಲ್ಲುತ್ತದೆ. ಇರಿದ ಕೈಯನ್ನು ಹಾಗೆ ಮುಂದೆ ಚಾಚಿ, ದಾರ ಕಟ್ಟಿ ಮುಗಿಯುವ ತನಕ ಹಿಡಿದುಕೊಂಡಿರುವುದಿದೆಯಲ್ಲ! ಬಿಡುಗಡೆಯಾದ ಮೇಲೆ ಅವನು ಕೇರಳದಲ್ಲಿರುವ ಆ ಸಿಸ್ಟರುಗಳ ಮನೆಗೂ ಹೋಗಿ ಬಂದ. ಬಾಗಿಲು ತಟ್ಟುವಾಗ ಏನಾಗಿರಬೇಡ.

ಹೊಸದಾಗಿ ಬಂದ ಫಾದರ್‌ಗೆ ನಮ್ಮ ಪುರಾಣ ಗೊತ್ತಿರಲಿಲ್ಲ. ಪವಿತ್ರ ಗುರುವಾರದ ಆ ಸಂಜೆ ಹನ್ನೊಂದನೇ ಕುರ್ಚಿ ಷಡ್ಡಕರದು, ಹನ್ನೆರಡನೆಯದು ನನ್ನದು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತೆವು. ಫಾದರ್ ಹತ್ತಿರ ಬಂದಾಗ ಕಣ್ಣು ಕೆಳಗೆ ಹೋಯಿತು. ಷಡ್ಡಕರು ಕಾಲು ಉಜ್ಜಿಕೊಂಡು ಬಂದಿರಲಿಲ್ಲ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಹಿಮ್ಮಡಿಯ ಬಿರುಕಿನಲ್ಲಿ ತೋಟದ ಕೆಮ್ಮಣ್ಣು. ಫಾದರ್ ಸುರಿದ ನೀರು ಬೋಗುಣಿಗೆ ಕೆಂಪಗೆ ಇಳಿಯಿತು. ಆಮೇಲೆ ನನ್ನ ಸರದಿ. ನನ್ನ ಕಾಲಿನಿಂದ ನೀರು ಹೇಗೆ ಬಿತ್ತೋ ಹಾಗೇ ಇಳಿಯಿತು, ಒಂದಿಷ್ಟು ಕೊಬ್ಬರಿ ಎಣ್ಣೆಯ ಜಿಡ್ಡು ತೇಲಿಸಿಕೊಂಡು.

ಆ ದಿನ ಗ್ಲೋರಿಯಾ ಸ್ತುತಿಗೀತೆ ಆದ ಮೇಲೆ ಗಂಟೆ ಬಾರಿಸುವುದಿಲ್ಲ, ಮರದ ಹಲಗೆಯ ಕಟಕಟ ಸದ್ದಷ್ಟೇ. ಜಾಗರಣೆಗೆ ಒಂದು ಗಂಟೆ ಕೂತು ಎದ್ದವನು ಪಕ್ಕದ ಬಾಗಿಲ ಕತ್ತಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಪಟಪಟ ಬಡಿಯುತ್ತಿತ್ತು. ದೀಪದಲ್ಲಿ ನೋಡಿದರೆ ನಮೂನೆ ಒಂದೇ, ಬಣ್ಣ ಒಂದೇ, ಅಳತೆ ಒಂದು ನಂಬರು ದೊಡ್ಡದು. ಹಿಮ್ಮಡಿಯ ಜಾಗದಲ್ಲಿ ಕೆಮ್ಮಣ್ಣು.

ಮರುದಿನ ಶುಭ ಶುಕ್ರವಾರ. ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಹೋದೆ. ಷಡ್ಡಕರು ಜಗಲಿಯಲ್ಲೇ ಇದ್ದರು. ನನ್ನ ಚಪ್ಪಲಿ ಅವರ ಮೆಟ್ಟಿಲ ಬಳಿ ಒರೆಸಿ ಇಟ್ಟಿತ್ತು.

"ತಪ್ಪಾಯ್ತು ಭಾವ" ಅಂದೆ.

ಯಾವುದಕ್ಕೆ ಅಂತ ಅವರು ಕೇಳಲಿಲ್ಲ. ಪೇಪರಿನ ಗಂಟು ಇಸಿದುಕೊಂಡು ಸ್ವಲ್ಪ ಹೊತ್ತು ನಿಂತರು. "ಇವತ್ತು ಉಪವಾಸ, ಕಾಫಿ ಮಾಡಿಲ್ಲ. ಭಾನುವಾರ ಊಟಕ್ಕೆ ಬನ್ನಿ" ಅಂದರು.